ಹೆಂಗಸರ ಡಬ್ಬಿಯಲ್ಲಿ ಸಿಕ್ಕ ಒಂದು ಓಟು

ಬನಶಂಕರಿ ಗುಡಿ ದಾಟಿ ವಸಂತಪುರದ ದಾರಿ ಹಿಡಿದರೆ ಸಿಗುತ್ತಿದ್ದ ಕಲ್ಲುಬಾವಿಪಾಳ್ಯದಲ್ಲಿ ಐವತ್ತೊಂಬತ್ತನೇ ಇಸವಿಯಲ್ಲಿ ಪಂಚಾಯ್ತಿ ಚುನಾವಣೆ ನಡೆಯಿತು. ಊರಿಗೆ ಇದ್ದದ್ದು ಒಂದೇ ಸೀಟು. ಅದನ್ನು ಗೆದ್ದವರೇ ಚೇರ್ಮನ್ ಎಂದು ಸುತ್ತಲಿನ ಊರಿನವರೆಲ್ಲ ಮೊದಲೇ ಒಪ್ಪಿದ್ದರು. ಓಡಾಡಿ ಹಾಗೆ ಒಪ್ಪಿಸಿದವರು ಊರ ಗೌಡರಾದ ಚಿಕ್ಕಬೈರಪ್ಪನವರು. ಗೆಲ್ಲುವವರು ತಾವೇ ಎಂಬ ವಿಷಯದಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಚೇರ್ಮನ್‌ಗಿರಿಯ ಆಸೆ ಅವರಿಗೆ ಹುಟ್ಟಿದ್ದು ಒಂದು ಜೀಪಿನಿಂದ. ಜಯನಗರದ ಬಡಾವಣೆ ಹೊಲದಿಂದ ಹೊಲಕ್ಕೆ ಕಾಲು ಹಾಕುತ್ತಾ ಬರುತ್ತಿದ್ದ ಕಾಲ. ಅಳತೆಯವರು, ನಕ್ಷೆಯವರು, ಟೋಪಿ ಹಾಕಿದ ಇಂಜಿನಿಯರುಗಳು ಜೀಪಿನಲ್ಲಿ ಬಂದು ಊರ ಮುಂದೆ ಇಳಿಯುತ್ತಿದ್ದರು. ಮೂರು ತಲೆಮಾರಿನಿಂದ ಊರಿಗೆ ಬಂದ ಯಾವ ಅಧಿಕಾರಿಯೂ ಗೌಡರ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯದೆ ಹೋದವನಲ್ಲ. ಆದರೆ ಈ ಜೀಪು ಗೌಡರ ಮನೆ ದಾಟಿ ಮುಂದೆ ಹೋಗಿ ಚನ್ನಬಸವಯ್ಯನವರ ಅಂಗಡಿಯ ಮುಂದೆ ನಿಂತಿತು. ಅಲ್ಲಿ ಬೀಡಿ ಸಿಗುತ್ತಿತ್ತು, ಅಷ್ಟೆ ಕಾರಣ. ಗೌಡರು ಮಾತ್ರ ಆ ರಾತ್ರಿ ಅರ್ಧ ಮುದ್ದೆ ಬಿಟ್ಟು ಎದ್ದರು. ಚೇರ್ಮನ್ ಆದರೆ ಜೀಪು ತಮ್ಮ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ ಎಂದು ಅವರಿಗೆ ಹೊಳೆಯಿತು.

ಎದುರಿಗೆ ನಿಂತವರು ಇದೇ ಚನ್ನಬಸವಯ್ಯ. ತಿಪಟೂರು ಕಡೆಯಿಂದ ಬಂದು ಇಪ್ಪತ್ತು ವರ್ಷದಿಂದ ಉಪ್ಪು, ಬೆಲ್ಲ, ಸೀಮೆಎಣ್ಣೆ ಮಾರಿಕೊಂಡಿದ್ದ ಲಿಂಗಾಯತರು. ಅವರ ಜನದ್ದು ಊರಲ್ಲಿ ನಾಲ್ಕೇ ಮನೆ. ಮಿಕ್ಕದ್ದೆಲ್ಲ ಗೌಡರ ಕುಲದವರದ್ದು. ಬೆರಳು ಮಡಿಸಿ ಲೆಕ್ಕ ಹಾಕುವ ಅಗತ್ಯವೂ ಇರಲಿಲ್ಲ.

ಹಾಗಿದ್ದರೂ ಗೌಡರಿಗೆ ಸುಮ್ಮನಿರಲು ಬರಲಿಲ್ಲ, ಅದೇ ಅವರ ಸ್ವಭಾವ. ಚುನಾವಣೆ ನಡೆಸಲು ಬಂದಿದ್ದ ರೆವಿನ್ಯೂ ಇನ್‌ಸ್ಪೆಕ್ಟರ್ ತಿರುಮಲೇಶ ಜಗಲಿಯ ಮೇಲೆ ಕೂತು ಕ್ರಮ ವಿವರಿಸಿದ. ಓದು ಬಲ್ಲವರು ಚೀಟಿಯ ಮೇಲೆ ತಾವೇ ಗುರುತು ಹಾಕಬಹುದು. ಓದು ಬಾರದವರು ಪರದೆಯ ಹಿಂದೆ ಬಂದು ಅಧಿಕಾರಿಯ ಕಿವಿಯಲ್ಲಿ ಹೇಳಿದರೆ ಅವನೇ ಗುರುತು ಹಾಕಿ ಡಬ್ಬಿಗೆ ಹಾಕುತ್ತಾನೆ. ಗಂಡಸರಿಗೊಂದು ಡಬ್ಬಿ, ಹೆಂಗಸರಿಗೊಂದು.

"ಕಿವಿಯಲ್ಲಿ ಏನಂತ ಹೇಳ್ಬೇಕು ಸಾರ್?" ಎಂದು ಗೌಡರು ಕೇಳಿದರು.

"ಯಾರು ಅಂತ ತಿಳಿದ್ರೆ ಸಾಕು, ಗೌಡ್ರೇ."

ಗೌಡರ ತಲೆ ಚುರುಕಾಯಿತು. ಚನ್ನಬಸವಯ್ಯನವರನ್ನು ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಅಂಗಡಿ ಅಯ್ನೋರು. ಅರ್ಧ ಊರಿಗೆ ಅವರಿಗೊಂದು ಹೆಸರಿದೆ ಎಂಬುದೇ ಗೊತ್ತಿರಲಿಲ್ಲ.

"ಅದು ಆಗಲ್ಲ ಸಾರ್," ಎಂದರು ಗೌಡರು. "ಕೈ ತೋರ್ಸೋದು, ಅಂಗಡಿಯೋರು ಅನ್ನೋದು, ಪಕ್ಕದ ಮನೆಯೋರು ಅನ್ನೋದು, ಇವೆಲ್ಲ ತಕರಾರಿಗೆ ದಾರಿ. ಚೀಟೀಲಿ ಇರೋ ಹೆಸರನ್ನ ಪೂರ್ತಿಯಾಗಿ ಬಾಯಿಬಿಟ್ಟು ಹೇಳ್ಬೇಕು. ಹೇಳ್ದೋರ್ದು ಓಟು, ಹೇಳ್ದೇ ಇದ್ದೋರು ಮನೆಗೆ ಹೋಗ್ಲಿ. ಬೇಕಾದ್ರೆ ಅರ್ಜಿ ಬರ್ದು ಕೊಡ್ತೀನಿ."

ಬರೆದೂ ಕೊಟ್ಟರು. ಚನ್ನಬಸವಯ್ಯನವರೂ ತಕರಾರಿಲ್ಲದೆ ಸಹಿ ಹಾಕಿದರು. ಗೌಡರು ಆ ದಿನವೆಲ್ಲ ಮೀಸೆಯ ಮೇಲಿನ ಕೈ ತೆಗೆಯಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಹದಿನೈದು ದಿನ ತಮಟೆಯವನನ್ನು ಜೊತೆಗಿಟ್ಟುಕೊಂಡು ಬೀದಿ ಬೀದಿ ತಿರುಗಿ ಪ್ರಚಾರ ಮಾಡಿದರು. ಚನ್ನಬಸವಯ್ಯ ಎಲ್ಲಿಂದಲೋ ಬಂದವನು, ಚನ್ನಬಸವಯ್ಯನಿಗೆ ಒಂದು ಗೇಣು ಹೊಲವಿಲ್ಲ, ಚನ್ನಬಸವಯ್ಯನಿಗೆ ಓಟು ಕೊಟ್ಟರೆ ಊರು ಕೆಟ್ಟಿತು. ತಮಟೆಯವನು ಒಂದೊಂದು ಮಾತನ್ನೂ ಮೂರು ಮೂರು ಸಲ ಕೂಗುತ್ತಿದ್ದ. ಚನ್ನಬಸವಯ್ಯನವರು ಮಾತ್ರ ಅಂಗಡಿ ಬಿಟ್ಟು ಎದ್ದವರಲ್ಲ. ಹದಿನೈದನೇ ದಿನದ ಹೊತ್ತಿಗೆ ತೊಟ್ಟಿಲ ಕೂಸು ಬಿಟ್ಟು ಊರಿಗೆಲ್ಲ ಅವರ ಹೆಸರು ಬಾಯಿಪಾಠವಾಗಿತ್ತು. ಅದು ಗೌಡರ ಗಮನಕ್ಕೆ ಬರಲಿಲ್ಲ.

ಮನೆಯಲ್ಲೂ ಅವರು ಪಾಠ ನಡೆಸಿದರು. ಹೆಂಡತಿ ಅಕ್ಕಯಮ್ಮ, ಸೊಸೆಯರು, ತಮ್ಮಂದಿರ ಹೆಂಡಿರು, ಹನ್ನೊಂದು ಹೆಂಗಸರನ್ನು ನಡುಮನೆಯಲ್ಲಿ ಕೂರಿಸಿ ಹೇಳಿದರು. "ಓಟು ಅಂದ್ರೆ ತಮಾಷೆ ಅಲ್ಲ. ಅದನ್ನ ಹಾಳು ಮಾಡ್ಬಾರ್ದು. ಹೋದ್ಮೇಲೆ ಬಾಯಿಬಿಟ್ಟು ಒಂದು ಹೆಸರು ಹೇಳ್ಲೇಬೇಕು. ಗೊತ್ತಾಯ್ತಾ?"

ಹೆಂಗಸರು ತಲೆ ತಗ್ಗಿಸಿ ಗೊತ್ತಾಯಿತು ಎಂದರು. ಅಕ್ಕಯಮ್ಮ ಏನೋ ಕೇಳಲು ಬಾಯಿ ತೆರೆದು, ಸೊಸೆಯರ ಮುಖ ನೋಡಿ, ಮತ್ತೆ ಮುಚ್ಚಿಕೊಂಡಳು.

ಓಟಿನ ದಿನ ಶಾಲೆಯ ಮುಂದೆ ಹೆಂಗಸರ ಸಾಲು ಗಂಡಸರ ಸಾಲಿಗಿಂತ ಉದ್ದವಿತ್ತು. ಬೇವಿನ ಮರದಡಿ ಕೂತ ಗೌಡರ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಒಳಗೆ ಹೋದ ಹೆಂಗಸರು ಬೇಗ ಹೊರಗೆ ಬರುತ್ತಿರಲಿಲ್ಲ ಎನ್ನುವುದನ್ನು ಗಮನಿಸಿದರಾದರೂ ಓದು ಬಾರದವರಿಗೆ ಹೊತ್ತು ಹಿಡಿಯುತ್ತದೆ ಎಂದುಕೊಂಡರು. ಕೆಲವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಂದರು, ಕೆಲವರು ನಗುತ್ತಾ ಬಂದರು. ಅಕ್ಕಯಮ್ಮ ಯಾರ ಕಡೆಯೂ ನೋಡದೆ ನೆಟ್ಟಗೆ ಮನೆಯ ದಾರಿ ಹಿಡಿದಳು.

ಸಂಜೆ ಎಣಿಕೆಯಾಯಿತು. ಗಂಡಸರ ಡಬ್ಬಿಯಲ್ಲಿ ಗೌಡರಿಗೆ ಎಪ್ಪತ್ತೆಂಟು, ಚನ್ನಬಸವಯ್ಯನವರಿಗೆ ಇಪ್ಪತ್ತಾರು. ಹಾರ ತರಲು ಆಳು ಹೊರಟೇ ಬಿಟ್ಟ. ಆಮೇಲೆ ಹೆಂಗಸರ ಡಬ್ಬಿ ತೆರೆದರು. ಸಾಲಿನಲ್ಲಿ ನಿಂತಿದ್ದವರು ತೊಂಬತ್ತನಾಲ್ಕು ಜನ. ಅವರಲ್ಲಿ ಇಪ್ಪತ್ತೊಂದು ಜನ ಬಾಯೇ ಬಿಡದೆ ಹಿಂದಿರುಗಿದ್ದರು. ಉಳಿದ ಎಪ್ಪತ್ತಮೂರರಲ್ಲಿ ಚನ್ನಬಸವಯ್ಯನವರಿಗೆ ಎಪ್ಪತ್ತೆರಡು. ಗೌಡರಿಗೆ ಒಂದು.

ಗೌಡರು ಚೀಟಿಗಳನ್ನು ಮತ್ತೆ ಎಣಿಸಿ ಎಂದರು. ಮತ್ತೆ ಎಣಿಸಿದರು. ಚೀಟಿಗಳು ಮನಸ್ಸು ಬದಲಾಯಿಸಿರಲಿಲ್ಲ. ಹತ್ತೊಂಬತ್ತು ಓಟಿನಿಂದ ಅಂಗಡಿ ಅಯ್ನೋರು ಚೇರ್ಮನ್ ಆದರು.

"ಇದರಲ್ಲಿ ಏನೋ ಮೋಸ ಇದೆ ಸಾರ್," ಎಂದರು ಗೌಡರು.

ತಿರುಮಲೇಶ ಕನ್ನಡಕ ಒರೆಸಿಕೊಂಡ. "ಮೋಸ ಎಲ್ಲಿ ಬಂತು ಗೌಡ್ರೇ? ನಿಮ್ಮೂರ ದೇವರು ಯಾರು?"

"ಬೈರೇದೇವ್ರು."

"ಮನೆ ಮನೇಲೂ ಬೈರಪ್ಪ, ಬೈರಣ್ಣ, ದೊಡ್ಡಬೈರಯ್ಯ. ಗಂಡ ಅಲ್ದಿದ್ರೆ ಮಾವ, ಮಾವ ಅಲ್ದಿದ್ರೆ ಭಾವ. ಆ ಹೆಸರನ್ನ ಹೆಂಗಸರು ಹೇಗೆ ಹೇಳ್ತಾರೆ? ಬೆಳಗ್ಗಿಂದ ನನ್ನ ಮುಂದೆ ನಿಂತು ಬೆವರಿದಾರೆ ಪಾಪ. ಕೈ ತೋರ್ಸಿದ್ರು, ಗುಡಿ ಕಡೆ ಕೈ ಮುಗಿದ್ರು. ನಿಮ್ಮ ಅರ್ಜಿ ಮೇಜಿನ ಮೇಲಿತ್ತು. ನಾನೇನು ಮಾಡ್ಲಿ?"

ಗೌಡರು ನಾಲಿಗೆ ಕಚ್ಚಿಕೊಂಡರು. ಮೂವತ್ತು ವರ್ಷ ಸಂಸಾರ ಮಾಡಿದ್ದರೂ ಹೆಂಡತಿಯ ಬಾಯಲ್ಲಿ ತಮ್ಮ ಹೆಸರು ಕೇಳಿಲ್ಲ ಎಂಬುದು ಅವರಿಗೆ ಆಗಲೇ ತಿಳಿದದ್ದು. ಗಂಡನ ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ಅವಳಿಗೆ ಮದುವೆಯ ಮಾರನೇ ದಿನ ಹೇಳಿಕೊಟ್ಟವರು ಗೌಡರ ತಾಯಿಯೇ.

ಆದರೆ ಆ ಒಂದು ಓಟು? ಅಷ್ಟು ಹೆಂಗಸರಲ್ಲಿ ಎದೆಗಟ್ಟಿ ಮಾಡಿಕೊಂಡು ಚಿಕ್ಕಬೈರಪ್ಪ ಎಂದವಳು ಒಬ್ಬಳಿದ್ದಳಲ್ಲ.

"ಅದು ಯಾರು ಅಂತ ಮಾತ್ರ ಹೇಳ್ಬಿಡಿ ಸಾರ್."

"ಅದು ಗುಟ್ಟು, ಹೇಳೋ ಹಾಗಿಲ್ಲ." ತಿರುಮಲೇಶ ಕಾಗದ ಕಟ್ಟುತ್ತಾ ಸ್ವಲ್ಪ ನಕ್ಕ. "ಇಷ್ಟು ಹೇಳ್ಬಹುದು. ಗಂಡನ ಮೇಲೆ ಬಹಳ ಗೌರವ ಇರೋ ಹೆಣ್ಣುಮಗಳು."

ಗೌಡರಿಗೆ ಮತ್ತೇನೂ ಬೇಕಾಗಿರಲಿಲ್ಲ. ಅಕ್ಕಯಮ್ಮ. ಬೇರೆ ಯಾರಿರಲು ಸಾಧ್ಯ? ದೇವರಿಗೆ ತಪ್ಪು ಕಾಣಿಕೆ ಕಟ್ಟಿಕೊಂಡೋ, ಕಣ್ಣು ಮುಚ್ಚಿಕೊಂಡೋ, ಗಂಡನ ಮಾನಕ್ಕಾಗಿ ಆ ಹೆಸರು ಹೇಳಿದ್ದಾಳೆ. ಅದಕ್ಕೇ ಯಾರ ಮುಖವನ್ನೂ ನೋಡದೆ ಮನೆಗೆ ಹೋಗಿದ್ದಾಳೆ. ಸೋತ ಗೌಡರು ಕತ್ತಲಲ್ಲಿ ನಡೆದು ಬರುವಾಗ ಕಣ್ಣು ಒದ್ದೆ ಮಾಡಿಕೊಂಡರು. ಚೇರ್ಮನ್‌ಗಿರಿ ಹಾಳಾಗಿ ಹೋಗಲಿ, ಇಂಥ ಹೆಂಡತಿಯನ್ನು ಮೂವತ್ತು ವರ್ಷ "ಏಯ್" ಎಂದು ಕರೆದೆನಲ್ಲ ಎಂದು ನಿಜವಾಗಿಯೂ ನೊಂದರು.

ಮಾರನೇ ದಿನ ಬಸ್ಸು ಹತ್ತಿ ಚಿಕ್ಕಪೇಟೆಗೆ ಹೋಗಿ ಅಂಚಿನ ತುಂಬ ಜರಿಯಿದ್ದ ಕೆಂಪು ಸೀರೆ ತಂದರು. "ಅಕ್ಕಯಮ್ಮಾ," ಎಂದು ಮೊದಲ ಸಲ ಹೆಸರು ಹಿಡಿದು ಕರೆದರು. ಅಕ್ಕಯಮ್ಮ ಗಾಬರಿಯಾಗಿ ಮೈ ಬಿಸಿಯಿದೆಯೇ ಎಂದು ಹಣೆ ಮುಟ್ಟಿ ನೋಡಿದಳು.

"ನೀನು ಮಾಡಿದ್ದು ನಂಗೆ ಗೊತ್ತಾಯ್ತು," ಎಂದರು ಗೌಡರು.

ಅಕ್ಕಯಮ್ಮನ ಮುಖ ಬಿಳುಚಿತು. "ಬೇಜಾರಿಲ್ವಾ ನಿಮ್ಗೆ?"

"ಬೇಜಾರಾ? ಹೆಮ್ಮೆ ಕಣೇ."

ಅವಳಿಗೆ ಏನೂ ಅರ್ಥವಾಗಲಿಲ್ಲ. ಆದರೆ ಸೀರೆ ಚೆನ್ನಾಗಿತ್ತು, ಗಂಡನ ಮುಖವೂ ಅಪರೂಪಕ್ಕೆ ಮೆತ್ತಗಿತ್ತು. ಹೆಚ್ಚು ಕೇಳದೆ ಉಟ್ಟುಕೊಂಡಳು.

ಶುಕ್ರವಾರ ಅರಿಸಿನ ಕುಂಕುಮಕ್ಕೆ ಬಂದವಳು ಬಸವಲಿಂಗಮ್ಮ, ಹೊಸ ಚೇರ್ಮನ್ನರ ಹೆಂಡತಿ. ಇಬ್ಬರೂ ಹಿತ್ತಿಲ ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡರು. ಗೌಡರು ಗೋಡೆಯ ಈಚೆ, ನಡುಮನೆಯ ಮಂಚದ ಮೇಲೆ ಮಲಗಿದ್ದರು.

"ಸೀರೆ ಭಾಳ ಲಕ್ಷಣವಾಗಿದೆ ಅಕ್ಕ," ಎಂದಳು ಬಸವಲಿಂಗಮ್ಮ. ಆಮೇಲೆ ದನಿ ತಗ್ಗಿಸಿದಳು. "ನಮ್ಮೋರ ಹತ್ರ ಅಂದೀರಾ ಮತ್ತೆ. ಓಟಿನ ದಿನ ನನ್ನ ಪಾಡು ಯಾರಿಗೂ ಬೇಡ. ಕಟ್ಕೊಂಡೋರ ಹೆಸರು ಹೆಂಗೆ ಹೇಳ್ಲಿ? ಹಂಗೇ ಬಂದ್ರೆ ಓಟು ಹಾಳು. ಅದಕ್ಕೆ ಶಿವಾ ಅಂತ ಗೌಡ್ರ ಹೆಸರು ಹೇಳ್ಬಿಟ್ಟೆ."

ಅಕ್ಕಯಮ್ಮ ನಕ್ಕಳು. ಮೂವತ್ತು ವರ್ಷದಲ್ಲಿ ಆ ಮನೆಯ ಗೋಡೆಗಳು ಕೇಳಿರದಂಥ ನಗು.

"ಸರಿಹೋಯ್ತು ಬಿಡವ್ವ. ನಾನು ನಿಮ್ಮೋರ ಹೆಸರು ಹೇಳ್ದೆ."

ಬಸವಲಿಂಗಮ್ಮ ಹೋದ ಮೇಲೆ ಅಕ್ಕಯಮ್ಮ ಒಳಗೆ ಬಂದಳು. ಗೌಡರು ಎದ್ದು ಕೂತಿದ್ದರು. ಅವರ ಮುಖ ನೋಡಿದ ಕೂಡಲೇ ಸೀರೆ ಯಾಕೆ ಬಂದಿತ್ತೆಂದು ಅವಳಿಗೆ ಗೊತ್ತಾಯಿತು. ಕೆಂಪು ಸೆರಗನ್ನು ಕೈಯಲ್ಲಿ ಹಿಡಿದು ನಿಂತಳು.

"ಬಿಚ್ಚಿಡ್ಲಾ?" ಎಂದಳು.

ಗೌಡರು ಸೆರಗಿನ ಜರಿಯನ್ನೇ ನೋಡಿದರು.

"ನೀವೇ ಅಂದ್ರಿ, ಓಟು ಹಾಳು ಮಾಡ್ಬೇಡ ಅಂತ. ನೀವು ಗೆಲ್ಲೋದು ಮುಖ್ಯವೋ, ಇರೋದು ಮುಖ್ಯವೋ? ನಂಗೆ ತೋಚಿದ್ದನ್ನ ಮಾಡ್ದೆ."

ಅಷ್ಟರಲ್ಲಿ ಬೀದಿಯಲ್ಲಿ ಜೀಪಿನ ಸದ್ದು ಕೇಳಿಸಿತು. ಗೌಡರು ಕತ್ತೆತ್ತಿದರು. ಜೀಪು ಬಾಗಿಲ ಹತ್ತಿರ ನಿಧಾನ ಮಾಡಿ, ಯಾರನ್ನೋ ದಾರಿ ಕೇಳಿ, ಚನ್ನಬಸವಯ್ಯನವರ ಅಂಗಡಿಯ ಕಡೆ ಮುಂದೆ ಹೋಯಿತು.

"ಉಟ್ಕೊಂಡೇ ಇರು," ಎಂದರು ಗೌಡರು ಕೊನೆಗೆ. "ಆಯಸ್ಸು ಗಟ್ಟಿ ಮಾಡಿದ್ದೀಯ, ಒಂದು ಲೋಟ ಮಜ್ಜಿಗೆ ಕೊಡು. ಕುಡಿಯೋಕೆ ಇನ್ಯಾರೂ ಬರಲ್ಲ."