ಈಚೆ ದಡದ ಕುರ್ಚಿ

“ನಿಮ್ಮ ದಡದ ಪ್ರಾಥಮಿಕ ಶಾಲೆ ಮುಚ್ಚೋ ಮಾತು ಬರೋದಾದ್ರೆ ಅದು ನಿಮ್ಮವರ ಬಾಯಿಂದಲೇ ಬರ್ಬೇಕು. ನಾವಾಗಿ ಎತ್ತಲ್ಲ.”

ಆಚೆ ದಡದ ಶಾಲಾ ಮಂಡಳಿಯ ಎವರೆಟ್ ಲಂಡ್ ಹೀಗೆ ಮಾತು ಕೊಟ್ಟದ್ದು 1957ರಲ್ಲಿ, ಸೇಂಟ್ ಸಿರಿಲ್ ಚರ್ಚಿನ ನೆಲಮಾಳಿಗೆಯಲ್ಲಿ, ಈಚೆ ದಡದ ಹೆಂಗಸರು ಬಡಿಸಿದ ಎಲೆಕೋಸಿನ ಸುರುಳಿಗಳನ್ನು ಹೊಟ್ಟೆ ತುಂಬ ತಿಂದಾದ ಮೇಲೆ. ಆಗ ಕಾರ್ವರ್ ಫಾಲ್ಸ್‌ನಲ್ಲಿ ನದಿಯ ಒಂದೊಂದು ದಡಕ್ಕೂ ಒಂದೊಂದು ಶಾಲಾ ಮಂಡಳಿ. ಆಚೆ ದಡದಲ್ಲಿ ಬ್ಯಾಂಕು, ಅಂಗಡಿ, ವಕೀಲರು. ಈಚೆ ದಡದಲ್ಲಿ ಉಕ್ಕಿನ ಕಾರ್ಖಾನೆ, ಅದು ಕಟ್ಟುವ ತೆರಿಗೆ. ಆ ತೆರಿಗೆಯ ಮೇಲೆ ಕಣ್ಣಿಟ್ಟೇ ಆಚೆಯವರು ಸಂಬಂಧ ಕೇಳಿಕೊಂಡು ಬಂದಿದ್ದರು. ಮಂಡಳಿಗಳು ಒಂದಾದವು. ಎರಡೇ ವರ್ಷಕ್ಕೆ ಈಚೆ ದಡದ ಹೈಸ್ಕೂಲು ಹಳೇ ಬೆಂಚುಗಳ ಉಗ್ರಾಣವಾಯಿತು. ಕೇಳಲು ಹೋದವರಿಗೆ, ಮಾತು ಕೊಟ್ಟದ್ದು ಪ್ರಾಥಮಿಕ ಶಾಲೆಗೆ ಮಾತ್ರ ಎಂದು ಉತ್ತರ ಬಂತು.

ಅದಕ್ಕೆ ಮಾತ್ರ ಆಚೆಯವರು ತಪ್ಪಲಿಲ್ಲ. ಐದು ಜನರ ಮಂಡಳಿಯಲ್ಲಿ ಒಂದು ಕುರ್ಚಿ ಈಚೆ ದಡಕ್ಕೆ. ಆ ಶಾಲೆಯ ಅಳಿವು ಉಳಿವಿನ ಮಾತು ಏಳುವುದಾದರೆ ಆ ಕುರ್ಚಿಯಿಂದಲೇ ಏಳಬೇಕು. ಯಾವ ಕಾನೂನಿನಲ್ಲೂ ಇಲ್ಲದ ಈ ಪದ್ಧತಿ ಕಾನೂನಿಗಿಂತ ಗಟ್ಟಿಯಾಗಿ ನಡೆದುಬಂದಿತ್ತು.

ಈಗ ಆ ಕುರ್ಚಿಯಲ್ಲಿದ್ದವಳು ರೋಜೀನ್ ಹ್ರುಸ್ಕಾ. ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಮಲಗಿಸಿ ಸೊಂಟ ಹಿಡಿದುಕೊಂಡು ಮನೆಗೆ ಬರುವವಳು. ಮಗ ಮೈಲೋ ಅದೇ ಶಾಲೆಯಲ್ಲಿ ಮೂರನೇ ಕ್ಲಾಸು. ಬೇರೆ ಯಾರೂ ನಿಲ್ಲಲು ಒಪ್ಪದಿದ್ದಾಗ ಇವಳು ಚುನಾವಣೆಗೆ ನಿಂತಿದ್ದಳು. “ಶಾಲೆ ಮುಚ್ಚಿ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ” ಎಂದು ಮನೆಮನೆ ಬಾಗಿಲಲ್ಲಿ ಹೇಳಿ ಗೆದ್ದಿದ್ದಳು.

ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಶಾಲೆಗಳಿಗಾಗಿ ಮನೆ ತೆರಿಗೆ ಏರಿಸೋಣವೇ ಎಂದು ಮಂಡಳಿ ಮೂರು ಸಲ ಊರಿನವರ ಮತ ಕೇಳಿತು. ಮೂರು ಸಲವೂ ಬೇಡವೆಂದೇ ಆಯಿತು. ಎಲ್ಲಕ್ಕಿಂತ ಜೋರಾಗಿ ಬೇಡವೆಂದದ್ದು ಈಚೆ ದಡ. ಮೂರನೆಯ ಸಲದ ಮಾರನೆಯ ದಿನ ರೋಜೀನ್ ಪಕ್ಕದ ಮನೆಯ ಆಗ್ನೆಸ್ ಬಾಲಾಜ್ ಹತ್ತಿರ ಹೋಗಿ ಕೇಳಿದಳು.

“ಆಂಟಿ, ನೀವೂ ಬೇಡ ಅಂದ್ರಾ?”

“ಅನ್ನದೆ? ನಾನು ದುಡ್ಡು ಕಟ್ಲಿ, ಆಚೆಯವರ ಮಕ್ಕಳು ಶಾಲೆ ಈಜುಕೊಳದಲ್ಲಿ ಬಿದ್ದು ಹೊರಳಾಡ್ಲಿ ಅಂತಾನಾ?”

“ನಮ್ಮ ಶಾಲೆ ಮುಚ್ಚಿಹೋಗುತ್ತೆ.”

“ಹೇಗೆ ಹೋಗುತ್ತೆ? ನೀನು ಹೇಳ್ಬೇಕು ತಾನೆ? ನೀನು ಹೇಳಲ್ಲ. ಅಂದ್ಮೇಲೆ ನಾನ್ಯಾಕೆ ಕಟ್ಲಿ?” ಮುದುಕಿ ನಕ್ಕಳು. “ಬಾರೇ, ಸೂಪ್ ಕುಡಿ. ಮುಖ ನೋಡು, ಆಶ್ರಮದಲ್ಲಿ ನಿನ್ನನ್ನೇ ಮಲಗಿಸ್ಕೊಂಡಾರು.”

ಸೂಪು ಚೆನ್ನಾಗಿತ್ತು. ರೋಜೀನ್ ಅರ್ಧ ಬಟ್ಟಲು ಕುಡಿದು ಎದ್ದಳು.

ಮುಂದಿನ ವಾರ ಶಾಲೆಗಳ ಮುಖ್ಯಾಧಿಕಾರಿ ಕೆಂಡಲ್ ಪ್ರಾಥರ್ ಅವಳನ್ನು ಕಚೇರಿಗೆ ಕರೆಸಿದ. ಮಂಡಳಿಯ ಅಧ್ಯಕ್ಷ ಗ್ಲೆನ್ ಆಶ್‌ಬಿ ಆಗಲೇ ಅಲ್ಲಿ ಕೂತಿದ್ದ.

“ಜೂನ್ ಒಳಗೆ ಲೆಕ್ಕ ಸರಿಹೋಗದಿದ್ರೆ ರಾಜ್ಯದವರು ನಮ್ಮ ಮಂಡಳಿಯನ್ನೇ ಕೈಗೆ ತಗೋತಾರೆ” ಎಂದ ಪ್ರಾಥರ್. “ಅವರು ಬಂದ್ರೆ ನಿಮ್ಮ ಶಾಲೇನೂ ಮುಚ್ತಾರೆ, ಬಸ್ಸೂ ಕೊಡಲ್ಲ. ಎರಡು ಮೈಲಿ ಒಳಗಿರೋ ಮಕ್ಕಳಿಗೆ ಬಸ್ ಕೊಡ್ಬೇಕು ಅಂತ ಕಾನೂನಿಲ್ಲ.”

“ಆಚೆ ಶಾಲೆಗೆ ಹೋಗೋ ಸೇತುವೆ ಮೇಲೆ ಕಾಲುದಾರೀನೇ ಇಲ್ಲ. ಲಾರಿಗಳ ಮಧ್ಯೆ ನಡೀಬೇಕಾ ಮಕ್ಕಳು?”

“ಅದಕ್ಕೇ ಹೇಳ್ತಿರೋದು. ನೀವು ಠರಾವು ತನ್ನಿ. ಅದರಲ್ಲೇ ಬಸ್ಸನ್ನೂ ಸೇರಿಸ್ತೀನಿ.”

“ಆಚೆ ಈಜುಕೊಳ ಮುಚ್ಚಿ.”

“ಅದು ದಾನಿಗಳ ದುಡ್ಡಲ್ಲಿ ನಡೆಯೋದು, ರೋಜೀನ್. ಮುಟ್ಟೋ ಹಾಗಿಲ್ಲ.”

“ಸರಿ, ನಾಲ್ಕು ಜನ ಇದ್ದೀರಲ್ಲ. ನೀವೇ ಯಾರಾದ್ರೂ ತನ್ನಿ. ನಾನು ವಿರೋಧ ಅಂತ ಕೈ ಎತ್ತಿ ಸೋಲ್ತೀನಿ.”

ಆಶ್‌ಬಿಯ ಮುಖ ನಿಜವಾಗಿಯೂ ಬಿಳಿಚಿತು. “ಛೆ! ಎಂಥ ಮಾತು! ಹಿರಿಯರು ಕೊಟ್ಟ ಮಾತು ನಮ್ಮ ಕಾಲದಲ್ಲಿ ಮುರಿಯೋದಾ?”

ಮನೆಗೆ ಹೋಗುವಾಗ ಅವಳು ಸೇತುವೆಯ ನಡುವೆ ಕಾರು ನಿಧಾನ ಮಾಡಿದಳು. ಹಿಂದಿನ ಲಾರಿಯವನು ಕಿವಿ ಕಿತ್ತುಹೋಗುವಂತೆ ಹಾರ್ನ್ ಹೊಡೆದ. ಪಕ್ಕದಲ್ಲಿ ಮಗು ನಿಲ್ಲುವಷ್ಟೂ ಜಾಗವಿರಲಿಲ್ಲ.

ಸಭೆಯ ದಿನ ಸಭಾಂಗಣ ತುಂಬಿತ್ತು. ಒಬ್ಬೊಬ್ಬರಿಗೆ ಮೂರು ನಿಮಿಷ. ಸದಸ್ಯರು ಕೇಳಿಸಿಕೊಳ್ಳಬೇಕು, ಉತ್ತರ ಕೊಡಬಾರದು. ಆಗ್ನೆಸ್ ಕೋಲೂರಿಕೊಂಡು ಎದ್ದು, “ನಮ್ಮ ರೋಜೀನ್ ಆ ಕುರ್ಚಿಯಲ್ಲಿರೋವರೆಗೂ ನಿಮ್ಮ ಬೇಳೆ ಬೇಯಲ್ಲ” ಎಂದಳು. ಹಿಂದಿನ ಸಾಲುಗಳು ಚಪ್ಪಾಳೆ ತಟ್ಟಿದವು. ರೋಜೀನ್ ಮುಂದಿದ್ದ ಕಾಗದವನ್ನು ಮಗುಚಿಟ್ಟಳು.

ಆಶ್‌ಬಿ ರೋಜೀನ್ ಕಡೆ ತಿರುಗಿ ಕೇಳಿದ, “ಆ ದಡದ ಸದಸ್ಯರಿಂದ ಠರಾವು ಏನಾದ್ರೂ ಇದೆಯಾ?”

ಅವಳು ಒಮ್ಮೆ ಕೆಮ್ಮಿ, ಶಾಲೆ ಮುಚ್ಚುವ ಠರಾವನ್ನು ಬಸ್ಸಿನ ಸಾಲಿನ ಸಮೇತ ಓದಿದಳು. ಓದಿ ಮುಗಿಯುವ ಮೊದಲೇ ಇಬ್ಬರು ಅನುಮೋದಿಸಿದರು. ಐದೂ ಕೈ ಎದ್ದವು.

ಬಾಗಿಲ ಬಳಿ ಆಗ್ನೆಸ್ ಕಾದಿದ್ದಳು. “ನಿನ್ನ ಬಾಯಿಂದಲೇ ಬಂತಲ್ಲೇ.”

“ನೀವು ಮೂರು ಸಲ ಹೇಳಿದ್ರಿ ಆಂಟಿ. ನಾನು ಒಂದು ಸಲ ಹೇಳ್ದೆ.”

ಮುದುಕಿ ಮುಖ ತಿರುಗಿಸಿದಳು. ಆಮೇಲೆ ಆ ಮನೆಯ ಬಾಗಿಲು ರೋಜೀನಳಿಗೆ ತೆರೆಯಲಿಲ್ಲ. ಬೀದಿಯಲ್ಲಿ ಮೈಲೋನನ್ನೂ ಆಟಕ್ಕೆ ಸೇರಿಸಿಕೊಳ್ಳುವವರಿಲ್ಲದಾಯಿತು. ಬೇಸಿಗೆ ರಜೆ ಮುಗಿದ ಮೇಲೆ ಬಸ್ಸು ಬಂತು, ಸರಿಯಾದ ಹೊತ್ತಿಗೇ ಬಂತು.

ಶಾಲೆ ಜೂನ್‌ನಲ್ಲೇ ಮುಚ್ಚಿತ್ತು. ಎವರೆಟ್ ಲಂಡ್ ಕೊಟ್ಟಿದ್ದ ಮಾತನ್ನು ಆಚೆ ದಡದವರು ಉಳಿಸಿಕೊಂಡರು.