ಆಡುಸೋಗೆಯ ಭರಣಿ

ಫೋನು ಬಂದಾಗ ದೇವಯ್ಯನವರು ಮಹಡಿಯ ಕೋಣೆಯಲ್ಲಿ ಹಳೆಯ ಪಂಚೆ ಹಾಸುತ್ತಿದ್ದರು. ಬೆಳಗಿನ ಬಸ್ಸಿಗೆ ತವರೂರು ಮಂಡಕಳ್ಳಿಗೆ ಹೋಗಿದ್ದ ಹೆಂಡತಿ ಇಂದ್ರಮ್ಮ ಊಟದ ಹೊತ್ತಿಗೆ ಕೆಮ್ಮಿನ ಪುಡಿಗೆಂದು ಚೀಲದ ತುಂಬ ಆಡುಸೋಗೆ ಸೊಪ್ಪು ತರುವವರಿದ್ದರು. ತಾನು ಬರುವಷ್ಟರಲ್ಲಿ ಒಣಹಾಕುವ ಜಾಗ ಸಿದ್ಧವಿರಬೇಕು ಎಂದು ಅಪ್ಪಣೆ ಮಾಡಿಯೇ ಹೊರಟಿದ್ದರು.

"ಮಾವ, ಒಸಿ ಕೂತ್ಕೊಳಿ," ಎಂದ ಮೋಹನ. ಅವನು ಇಂದ್ರಮ್ಮನ ತಮ್ಮನ ಮಗ.

"ಕೂತಿದ್ದೀನಿ, ಹೇಳಪ್ಪ," ಎಂದರು ದೇವಯ್ಯ, ನಿಂತೇ.

"ಅತ್ತೆ ಬೇಲಿ ಹತ್ರ ಸೊಪ್ಪು ಕೀಳ್ತಿದ್ದೋರು ಅಂಗೇ ಕುಸುದ್‌ಬುಟ್ರು. ಆಸ್ಪತ್ರೆಗೆ ಕರ್ಕೊಂಡ್ ಬಂದ್ವಿ. ದಾರೀಲೇ ಹೋಗ್ಬುಟ್ಟಿದ್ರಂತೆ ಮಾವ."

ದೇವಯ್ಯ ಹಾಸಿದ ಪಂಚೆಯನ್ನು ಅದರ ಮಡಿಕೆಯ ಗೆರೆಗೇ ಮತ್ತೆ ಮಡಿಸಿಟ್ಟರು. ಆಮೇಲೆ ಗೋಡೆ ಹಿಡಿದುಕೊಂಡು, ಸೊಸೆ ಸಿಂಚನಳಿಗೆ ಹೇಳಲು ಮೆಟ್ಟಿಲಿಳಿದರು.

ಅಂದು ಸಂಜೆಯೇ ಚಾಮುಂಡವ್ವನ ಬೆಟ್ಟದ ತಪ್ಪಲಿನ ಸ್ಮಶಾನದಲ್ಲಿ ಸಂಸ್ಕಾರ ನಡೆಯಿತು. ಗಾಳಿ ಜನರ ಕಡೆಗೇ ತಿರುಗಿ, ಚಿತೆಯ ಹೊಗೆ ಎಲ್ಲರ ಗಂಟಲಿಗೂ ಹೋಯಿತು. ಸಿದ್ಧಾರ್ಥನಗರದ ಮನೆಗೆ ಮರಳಿದವರು ಹೊರಗಿನ ನಲ್ಲಿಯಡಿ ತಲೆಗೆ ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲೇ ಒಳಗೆ ಹೋಗಿ ದೀಪ ನೋಡಿದರು. ಚಟ್ಟಕ್ಕೆ ಹೆಗಲು ಕೊಟ್ಟಿದ್ದ ಪಕ್ಕದ ಮನೆಯ ಸುಂದರೇಶ ಜಗುಲಿಯ ಮೇಲೆ ಕೂತು ಒಂದೇ ಸಮನೆ ಕೆಮ್ಮುತ್ತಿದ್ದ. ದೇವಯ್ಯ ನೇರವಾಗಿ ಅಡುಗೆಮನೆಗೆ ಹೋಗಿ, ಇಂದ್ರಮ್ಮನ ಆಡುಸೋಗೆ ಪುಡಿಯ ಭರಣಿ ತೆರೆದು ಕೈ ಹಾಕಿದರು. ಹೆಂಡತಿ ಇದ್ದಾಗ ಆ ಭರಣಿಯನ್ನು ಮುಟ್ಟಿದವರಲ್ಲ. ಆದರೆ ಈಗಷ್ಟೇ ಮಿಂದು ಬಂದ ಕೈ, ಇದಕ್ಕಿಂತ ಶುದ್ಧವಾದ ಕೈ ಯಾವುದಿದ್ದೀತು ಎಂದುಕೊಂಡರು. ಕೆಮ್ಮಿದವರಿಗೆಲ್ಲ ಒಂದೊಂದು ಚಿಟಿಕೆ ಜೇನುತುಪ್ಪದಲ್ಲಿ ಕಲಸಿ ಕೊಟ್ಟರು. ಮತ್ತೆ ಮತ್ತೆ ಕೈ ಭರಣಿಗೆ ಹೋಯಿತು. ಮುಂಗೈಯಿಂದ ನೀರು ತೊಟ್ಟಿಕ್ಕುತ್ತಿದ್ದುದನ್ನು ಅವರೂ ಕಾಣಲಿಲ್ಲ, ಬೇರೆ ಯಾರೂ ಕಾಣಲಿಲ್ಲ.

ಉತ್ತರಕ್ರಿಯೆಗಳು ಮುಗಿದು, ನೆಂಟರೆಲ್ಲ ಅವರವರ ಊರಿಗೆ ಹೊರಟ ಮೇಲೆ ಒಂದು ಬೆಳಗ್ಗೆ ಸುಂದರೇಶ ಬಂದ.

"ದೇವಣ್ಣ, ನಮ್ಮವ್ವಂಗೆ ಕೆಮ್ಮು ಕಣಣ್ಣ. ಡಾಕ್ಟ್ರು ಎದೆ ನೋಡಿ, ಭಯ ಏನಿಲ್ಲ, ಬರೀ ಗಂಟಲ್ದು ಅಂತ ಸಿರಪ್ಪು ಕೊಟ್ಟವ್ರೆ. ಅದ ಕುಡುದ್ರೆ ತೂಕಡಿಸ್ತಾಳೆ. ಎಚ್ಚರ ಆಯ್ತು ಅಂದ್ರೆ ನನ್ನ ಬಯ್ತಾಳೆ. ಇಂದ್ರಕ್ಕನ ಪುಡಿನೇ ಬೇಕಂತೆ."

"ಅದಕ್ಕೇನು, ಇದೆಯಲ್ಲ," ಎನ್ನುತ್ತ ದೇವಯ್ಯ ಭರಣಿ ತಂದು ಮುಚ್ಚಳ ತೆಗೆದರು.

ಮೂಗಿಗೆ ಬಡಿದದ್ದು ಎಲೆಯ ಘಾಟಲ್ಲ, ಮಳೆಗೆ ನೆಂದ ಗೋಣಿಚೀಲದ ವಾಸನೆ. ಪುಡಿ ಗಂಟುಗಂಟಾಗಿತ್ತು. ಮೇಲೆ ಬಿಳಿಯ ಬೂಷ್ಟು ಜೇಡರ ಬಲೆಯಂತೆ ಹರಡಿತ್ತು. ದೇವಯ್ಯ ತಮ್ಮ ಬಲಗೈಯನ್ನು ನೋಡಿಕೊಂಡರು. ನೀರು ಮುಟ್ಟಿದ ಕೈ ಈ ಭರಣಿಗೆ ತಾಕಬಾರದೆಂದು ಇಂದ್ರಮ್ಮ ಸಾರಿನ ಸೌಟು ಹಿಡಿದುಕೊಂಡೇ ಮನೆಮಂದಿಯನ್ನು ಗದರುತ್ತಿದ್ದರು. ಮಡಿಯ ಕೈ ಒದ್ದೆ ಕೈಯೂ ಹೌದೆಂಬುದು ಅಂದು ದೇವಯ್ಯನವರಿಗೆ ಹೊಳೆದೇ ಇರಲಿಲ್ಲ.

ಆಕೆ ಕುಟ್ಟಿ, ಸೋಸಿ, ತುಂಬಿದ ಪುಡಿ ಲೋಕದಲ್ಲಿ ಇನ್ನು ಉಳಿದಿದ್ದರೆ ಇದೊಂದೇ.

"ಮೇಲಿಂದು ತೆಗೆದ್ಬಿಟ್ಟು, ತಳದ್ದನ್ನ ಬಿಸಿಲಿಗೆ ಹಾಕಿದ್ರೆ ಸರಿಹೋಗುತ್ತೇನೋ ಮಾವ," ಎಂದಳು ಸಿಂಚನ ಮೆಲ್ಲಗೆ. ಅವಳಿಗೂ ಅದನ್ನು ಎಸೆಯಲು ಮನಸ್ಸಿರಲಿಲ್ಲ.

"ಅಂಗೇ ಕೊಡಿ ದೇವಣ್ಣ," ಎಂದ ಸುಂದರೇಶ. "ನಮ್ಮವ್ವ ನನ್ನಂಥೋನ್ನೇ ಅರಗಿಸ್ಕೊಂಡವ್ಳೆ. ಒಂದು ಬೂಷ್ಟಿಗೆ ಹೆದರ್ತಾಳಾ?"

ದೇವಯ್ಯ ಒಣ ಚಮಚದಿಂದ ತಳ ಕೆದಕಿದರು. ಅಲ್ಲಿ ಪುಡಿ ಇನ್ನೂ ಹಸಿರಾಗಿಯೇ ಇತ್ತು. ಕೊಡಬಹುದು ಅನ್ನಿಸಿತು. ಒಂದು ಹಿಡಿ ತನಗೂ ಎತ್ತಿಟ್ಟುಕೊಳ್ಳಬಹುದು ಅನ್ನಿಸಿತು. ಚಮಚ ಕೈಯಲ್ಲೇ ನಿಂತಿತು. ಆಮೇಲೆ ಮುಚ್ಚಳ ಹಾಕಿದರು.

"ಬೇಡ ಕಣಪ್ಪ. ಇಂದ್ರಮ್ಮನ ಪುಡಿ ಅಂದ್ರೆ ನಿಮ್ಮವ್ವ ಕಣ್ಮುಚ್ಕೊಂಡು ನುಂಗ್ತಾರೆ. ಕೆಟ್ಟಿರೋದನ್ನ ಅವಳ ಹೆಸರು ಹೇಳಿ ಕೊಡಲಾ? ಸಿರಪ್ಪು ನಿಲ್ಲಿಸಬೇಡ. ಹೊಸ ಪುಡಿ ನಾನು ಮಾಡ್ಕೊಡ್ತೀನಿ."

"ನೀವಾ? ಕಾಫಿ ಕಾಯಿಸಕ್ಕೆ ಬರ್ತದಾ ನಿಮ್ಗೆ?"

"ಬರಲ್ಲ. ಪುಡಿ ಬರುತ್ತೆ."

ಹೇಳಿದ ಮಾತಿನಲ್ಲಿ ಅಳುಕಿರಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಕೂತು ಪಂಚೆ ಹಾಸಿದವರು, ಜರಡಿ ಹಿಡಿದವರು ಅವರೇ.

ಮಾರನೆಯ ದಿನ ಮಂಡಕಳ್ಳಿಗೆ ಹೋಗಿ ಅದೇ ಬೇಲಿಯ ಮುಂದೆ ನಿಂತರು. "ಮಾವ, ನೀವು ಕೂತ್ಕೊಳಿ, ನಾನು ಕಿತ್ಕೊಡ್ತೀನಿ," ಎಂದು ಮೋಹನ ಮುಂದೆ ಬಂದ. ದೇವಯ್ಯ ಬೇಡವೆಂದು ತಲೆಯಾಡಿಸಿ, ಎಲೆಯ ಮೇಲಿನ ಇಬ್ಬನಿ ಆರುವ ತನಕ ಕಾದರು. ಹಣ್ಣಾದ ಎಲೆ ಬಿಟ್ಟು, ಎಳೆಯ ಚಿಗುರು ಬಿಟ್ಟು, ಬಲಿತ ಹಸಿರೆಲೆಯನ್ನಷ್ಟೇ ಕಿತ್ತರು. ತೊಳೆದು, ನೀರು ಬಸಿದು, ಮಹಡಿಯ ಕೋಣೆಯ ನೆರಳಿನಲ್ಲಿ ಹರವಿದರು. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದಲ್ಲ ಎಂದ ಸೊಸೆಗೆ, "ಬಣ್ಣ ಸುಟ್ಟುಹೋಗುತ್ತೆ ಕಣಮ್ಮ, ಗುಣಾನೂ ಹೋಗುತ್ತೆ," ಎಂದರು. ಎಲೆ ಬೆರಳಲ್ಲಿ ಹಿಡಿದರೆ ಹಪ್ಪಳದಂತೆ ಮುರಿಯುವವರೆಗೆ ದಿನವೂ ಮಗುಚಿ ಹಾಕಿದರು. ಆಮೇಲೆ ಒರಳಲ್ಲಿ ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿದರು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಸೀನು ಬಂದಾಗಲೆಲ್ಲ ಎದ್ದು ಬಾಗಿಲಾಚೆ ಹೋಗಿ ಸೀನಿ ಬಂದರು.

ಪುಡಿ ಆಯಿತೆಂದು ತಿಳಿದು ಸುಂದರೇಶನ ತಾಯಿ ಪುಟ್ಟತಾಯಮ್ಮ ತಾವೇ ಕೋಲೂರಿಕೊಂಡು ಬಂದರು. ಜೇನಲ್ಲಿ ಕಲಸಿದ ಚಿಟಿಕೆಯನ್ನು ನಾಲಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು.

"ತರಿತರಿಯಾಗಿ ಅದೆ ಕಣಯ್ಯ ದೇವಯ್ಯ. ಇಂದ್ರಿ ಆಗಿದ್ರೆ ಇನ್ನೊಂದ್ಸಲ ಸೋಸೋಳು."

"ಸೋಸ್ತೀನಿ ಕಣಕ್ಕ."

"ಸೋಸು. ಕಹಿ ಮಾತ್ರ ಅವಳದ್ದೇ," ಎಂದರು ಮುದುಕಿ, ಕಣ್ಣು ತೆರೆಯದೆ. ಆಮೇಲೆ ಕಾಗದದ ಮೇಲಿದ್ದ ಪುಡಿಯತ್ತ ನೋಡಿ, "ಅಲ್ವೋ, ಇದನ್ನ ಇಂಗೇ ಗಾಳಿಗೆ ಬಿಟ್ಟಿದ್ದೀಯಲ್ಲ. ತುಂಬಿಡೋದು ಯಾತರಲ್ಲಿ?" ಎಂದರು.

ದೇವಯ್ಯ ಅಡುಗೆಮನೆಯ ಕಡೆ ನೋಡಿದರು. ಬೆಳಕು ಬೀಳದ, ಗಾಳಿಯಾಡದ ಪಿಂಗಾಣಿಯ ಪಾತ್ರೆ ಮನೆಯಲ್ಲಿದ್ದದ್ದು ಒಂದೇ. ಬೂಷ್ಟು ಹಿಡಿದ ಪುಡಿಯ ಸಮೇತ ಅದು ಅಡುಗೆಮನೆಯ ಮೂಲೆಯಲ್ಲಿ ಹಾಗೇ ಕೂತಿತ್ತು. ಸಿಂಚನ ಗುಡಿಸುವಾಗಲೂ ಅದನ್ನು ಸರಿಸಿರಲಿಲ್ಲ.

ಪುಟ್ಟತಾಯಮ್ಮ ಹೋದ ಮೇಲೆ ದೇವಯ್ಯ ಭರಣಿಯನ್ನು ಎದೆಗಾನಿಸಿಕೊಂಡು ಹಿತ್ತಲಿಗೆ ನಡೆದರು. ಭರಣಿ ತೊಳೆಯಲು ಸಿಂಚನ ಒಲೆಯ ಮೇಲೆ ನೀರಿಟ್ಟಳು. ದೇವಯ್ಯ ಕರಿಬೇವಿನ ಗಿಡದ ಬುಡದಲ್ಲಿ ಒಂದು ಗುಳಿ ತೋಡಿ, ಭರಣಿಯನ್ನು ಮೆಲ್ಲಗೆ ಬಗ್ಗಿಸಿದರು. ಗಂಟುಗಳು ಮೊದಲು ಬಿದ್ದವು. ತಳದ ಹಸಿರು ಪುಡಿ ಕೊನೆಗೆ ಉದುರಿ, ಅರ್ಧ ಗಾಳಿಗೆ ಎದ್ದು ಅವರ ಮುಂಗೈಯ ಮೇಲೆ ಕೂತಿತು. ಅದನ್ನು ಕೊಡವಲಿಲ್ಲ. ಮಣ್ಣು ಮುಚ್ಚಿ, ಬೆಟ್ಟದ ಕಡೆಗೆ ತಿರುಗಿ ಕೈ ಮುಗಿದರು.

"ತಾಯಿ ಚಾಮುಂಡವ್ವ, ಬೀದೀಲಿ ಯಾರು ಕೆಮ್ಮಿದ್ರೂ ಎದ್ದು ಓಡ್ತಿದ್ದೋಳು ನಮ್ಮ ಇಂದ್ರಿ. ಒಂದು ದಿನಾನೂ ಕಣ್ತುಂಬ ನಿದ್ದೆ ಮಾಡ್ಲಿಲ್ಲ. ನಿನ್ನ ಪಾದದ ಹತ್ರ ಅವಳಿಗೆ ಯಾರ ಕೆಮ್ಮೂ ಕೇಳಿಸದಿರ್ಲಿ. ಶಾಂತಿಯಾಗಿ ಮಲಗಿಸ್ಕೊಳವ್ವ."