ಹಳದಿ ಗೆರೆ ದಾಟಿದ ಕಟ್ಟೆ

ಆ ನಾಟಕಶಾಲೆಯಲ್ಲಿ ಪರದೆಗಳು ಎರಡು. ಒಂದು, ಜನ ಚಪ್ಪಾಳೆ ತಟ್ಟುವ ಕೆಂಪು ಮಖಮಲ್ಲಿನದು. ಇನ್ನೊಂದನ್ನು ಯಾರೂ ತಲೆಯೆತ್ತಿಯೂ ನೋಡುವುದಿಲ್ಲ. ಗಾಜಿನ ನೂಲಿಗೆ ಉಕ್ಕಿನ ತಂತಿ ಸೇರಿಸಿ ನೇಯ್ದ ಬೂದು ಬಟ್ಟೆ ಅದು, ರಂಗದ ನೆತ್ತಿಯ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ. ರಂಗಕ್ಕೆ ಬೆಂಕಿ ಬಿದ್ದರೆ ಲಿವರ್ ಎಳೆದರಾಯಿತು. ಕರೆಂಟಿನ ಹಂಗಿಲ್ಲದೆ ತನ್ನ ಭಾರಕ್ಕೇ ಇಳಿದು ನೆಲ ಮುಟ್ಟಿ, ಬೆಂಕಿ ಹೊಗೆಯನ್ನೆಲ್ಲ ಆಚೆಗೇ ಕಟ್ಟಿಹಾಕುತ್ತದೆ. ಓಡಿ ಪಾರಾಗಲು ರಂಗದವರಿಗೆ ಹಿಂಬಾಗಿಲು, ಜನರಿಗೆ ಮುಂಬಾಗಿಲು.

ಅದನ್ನು ನೋಡಿಕೊಳ್ಳುವವರೇ ಪರದೆ ಮಾವ. ಅವರನ್ನು ಬೇರೆ ಹೆಸರಿಂದ ಕರೆದವರನ್ನು ಕಾಣೆ. ಹೊಸ ಪರದೆ ಕೊಳ್ಳುವಾಗ ಮಾಲೀಕರು ಯಾವುದೋ ಚಂದದ ಬಟ್ಟೆ ತೋರಿಸಿ, "ಇದಕ್ಕೂ ಬೆಂಕಿ ಹತ್ತಲ್ಲವಂತೆ ಕಣ್ರೀ" ಎಂದಿದ್ದರು. "ಹತ್ತಲ್ಲ ಸರಿ, ಆದ್ರೆ ತಡೆಯುತ್ತಾ? ಎಷ್ಟು ಹೊತ್ತು ತಡೆಯುತ್ತೆ? ಪರೀಕ್ಷೆ ಮಾಡಿದ ಕಾಗದ ಎಲ್ಲಿ?" ಎಂದು ಮಾವ ಪಟ್ಟು ಹಿಡಿದು, ಎರಡು ಗಂಟೆ ತಡೆಯುವುದನ್ನೇ ತರಿಸಿದರು. ಪ್ರತಿ ಆಟಕ್ಕೂ ಮುಂಚೆ ಅದನ್ನು ನೆಲ ಮುಟ್ಟುವವರೆಗೆ ಇಳಿಸಬೇಕು, ಬದಿಯ ಹಳಿಗಳ ಧೂಳು ಒರೆಸಬೇಕು, ಮೇಲೇರಿಸಿ ಪುಸ್ತಕದಲ್ಲಿ 'ಸರಿ' ಎಂದು ಬರೆಯಬೇಕು. ಅಲ್ಲಿಯವರೆಗೆ ಜನರಿಗೆ ಬಾಗಿಲಿಲ್ಲ. ಪರದೆ ಇಳಿಯುವ ಜಾಗಕ್ಕೆ ನೆಲದ ಮೇಲೆ ಹಳದಿ ಗೆರೆ ಎಳೆದಿದ್ದರು. ಅದರ ಮೇಲೆ ಒಂದು ಕುರ್ಚಿಯ ಕಾಲು ಕಂಡರೂ ಊರು ಕೇರಿ ಒಂದು ಮಾಡುತ್ತಿದ್ದರು.

ಇಂಥ ಮನುಷ್ಯ ಜಾರಿದ್ದು ಮಗಳ ಮುಂದೆ. ಮಕ್ಕಳ ಮುಂದೆ ಜಾರದವರು ಯಾರಿದ್ದಾರೆ ಬಿಡಿ!

ಮಗಳು ಪುಟ್ಟಿ ಬಡಗಿ. ಒಂದು ನಾಟಕದ ರಂಗಸಜ್ಜು ಪೂರ್ತಿ ಅವಳ ಕೈಗೆ ಬಂದಿದ್ದು ಇದೇ ಮೊದಲು. ಅರಮನೆಯ ಎತ್ತರದ ಮೆಟ್ಟಿಲು ಕಟ್ಟಿ, ಅದರ ಬುಡಕ್ಕೆ ಮೊಣಕಾಲೆತ್ತರದ ಕಟ್ಟೆ ಕೂರಿಸಿದ್ದಳು. ಮಧ್ಯಾಹ್ನದ ಆಟಕ್ಕೆ ಅರ್ಧ ಗಂಟೆ ಇರುವಾಗ ಮಾವ ಬಂದು ನೋಡಿದರೆ, ಕಟ್ಟೆ ಹಳದಿ ಗೆರೆ ದಾಟಿ ಒಂದು ಗೇಣು ಈಚೆಗಿದೆ.

"ಇದೇನೇ ಇದು?"

"ಒಂದೇ ಒಂದು ಗೇಣು ಅಪ್ಪಾ, ಅಳತೆ ತಪ್ಪಿಹೋಯ್ತು. ಮೆಟ್ಟಿಲಿಗೆಲ್ಲ ಆ ಕಟ್ಟೆನೇ ಆಸರೆ, ಕಿತ್ರೆ ಯಾರೂ ಹತ್ತೋ ಹಾಗಿಲ್ಲ. ಆಟ ನಿಂತುಹೋದ್ರೆ ಇನ್ಮೇಲೆ ನನಗೆ ಯಾರು ಕೆಲಸ ಕೊಡ್ತಾರೆ? ಇವತ್ತೊಂದು ಆಟ. ಮುಗಿದ ತಕ್ಷಣ ಕತ್ತರಿಸ್ತೀನಿ, ನಿನ್ನಾಣೆ."

ಅವಳ ಕಣ್ಣು ತುಂಬಿತ್ತು. ಮಾವನ ಎದೆ ಬೇಡ ಅಂದಿತು, ಬಾಯಿ ಹೂಂ ಅಂದಿತು. ಪರದೆಯನ್ನು ಆಳೆತ್ತರಕ್ಕೆ ಇಳಿಸಿ, ಅಲ್ಲಿಂದಲೇ ಮೇಲೇರಿಸಿ, ಪುಸ್ತಕದಲ್ಲಿ 'ಸರಿ' ಎಂದು ಬರೆದರು.

ಎರಡನೇ ಅಂಕದಲ್ಲಿ ರಂಗದ ಬಲಬದಿಯ ದೀಪವೊಂದು ಬಣ್ಣದ ಬಟ್ಟೆಗೆ ತಾಗಿ ಬೆಂಕಿ ಹತ್ತಿಕೊಂಡಿತು. ಜನ ಅದೂ ನಾಟಕದ್ದೇ ಅಂದುಕೊಂಡು ಚಪ್ಪಾಳೆ ತಟ್ಟಿದರು. ಅಯ್ಯೋ ದೇವರೇ! ಮಾವ ಓಡಿಹೋಗಿ ಸಭಾಂಗಣದ ಗೋಡೆಯ ಲಿವರ್ ಎಳೆದರು. ನಟರು ಹಿಂಬಾಗಿಲಿಗೆ ಓಡಿದರು. ಪರದೆ ಗರಗರನೆ ಇಳಿದು, ಅದರ ಅಡಿಯಂಚಿನ ಉದ್ದನೆಯ ಕಬ್ಬಿಣದ ತೊಲೆ ಧಡ್ ಎಂದು ಕಟ್ಟೆಯ ಮೇಲೆ ಕೂತು ನಿಂತಿತು. ಕೆಳಗೆ ರಂಗದ ಈ ತುದಿಯಿಂದ ಆ ತುದಿಯವರೆಗೂ ಮೊಣಕಾಲೆತ್ತರದ ಸಂದು ಉಳಿಯಿತು. ಅದರಿಂದ ಕರಿ ಹೊಗೆ ಜನರ ಕಡೆಗೆ ನುಗ್ಗತೊಡಗಿತು.

ನಾನೂರು ಜನ, ಮೂರು ಬಾಗಿಲು. ನಡುದಾರಿಯಲ್ಲಿ ಅಜ್ಜಿಯೊಬ್ಬರು ಬಿದ್ದಿದ್ದರು, ಎತ್ತುವವರೂ ದಾಟುವವರೂ ಸೇರಿ ದಾರಿಯೇ ಕಟ್ಟಿಹೋಗಿತ್ತು. ಮಾವ ರಂಗದ ಅಂಚಿಗೆ ಹತ್ತಿ, ಮಂಡಿಯೂರಿ, ಕಟ್ಟೆಗೆ ಹೆಗಲು ಕೊಟ್ಟು ನೂಕಿದರು. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮಗಳ ಕೆಲಸ ಅಷ್ಟು ಗಟ್ಟಿ. ಮಾಡಿದರೆ ಗಟ್ಟಿಯಾಗಿ ಮಾಡು ಎಂದು ಕಲಿಸಿದವರೂ ಇವರೇ, ಅನುಭವಿಸಲಿ!

ಸಂದಿನಾಚೆ ಎರಡು ಕಾಲು ಕಂಡವು. ಪುಟ್ಟಿಯ ಬೂಟು.

"ಅಪ್ಪಾ! ಪರದೆ ನನ್ನ ಕಟ್ಟೆ ಮೇಲೆ ನಿಂತುಹೋಯ್ತಾ?"

"ನೀನ್ಯಾಕೆ ಇನ್ನೂ ಇಲ್ಲಿದ್ದೀಯೇ? ಓಡು! ಹಿಂಬಾಗಿಲಿಗೆ ಓಡು!"

"ಆ ಕಡೆ ಇನ್ನೂ ಜನ ಇದ್ದಾರಾ?"

ಮಾವ ತಿರುಗಿ ನೋಡಿದರು. ಅರ್ಧ ಸಭಾಂಗಣ ಇನ್ನೂ ತುಂಬಿತ್ತು. ಇಲ್ಲ ಎಂದುಬಿಟ್ಟರೆ ಮಗಳು ಬದುಕುತ್ತಾಳೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಇದ್ದವಳು ಇವಳೊಬ್ಬಳೇ, ಇನ್ನು ಯಾರ ಮುಖ ನೋಡಿಕೊಂಡು ಇರಲಿ ಅನ್ನಿಸಿತು. ಆದರೆ ಪುಸ್ತಕದಲ್ಲಿ ಒಂದು ಸುಳ್ಳು ಬರೆದದ್ದಕ್ಕೇ ಈ ಗತಿ ಬಂದಿತ್ತು.

"ಇದ್ದಾರೆ," ಎಂದರು. "ತುಂಬಾ ಜನ ಇದ್ದಾರೆ ಮಗಳೇ."

ಆಚೆ ಬೂಟುಗಳು ಕಟ್ಟೆಯ ಹತ್ತಿರಕ್ಕೆ ಬಂದವು. ಆಮೇಲೆ ಸುತ್ತಿಗೆಯ ಪೆಟ್ಟು ಕೇಳಿಸಿತು. ಕೆಮ್ಮು. ಮತ್ತೊಂದು ಪೆಟ್ಟು. ಮಾವ ಈಚೆಯಿಂದ ಒದ್ದರು. ಐದನೇ ಪೆಟ್ಟಿಗೆ ಕಟ್ಟೆ ಒಳಕ್ಕೆ ಸರಿಯಿತು. ಆಸರೆ ತಪ್ಪಿದ ಮೆಟ್ಟಿಲು ಆಚೆ ಭಾರಿ ಸದ್ದು ಮಾಡುತ್ತ ಕುಸಿಯಿತು. ಪರದೆ ನೆಲ ಮುಟ್ಟಿತು, ಹೊಗೆ ನಿಂತಿತು. ಮೂವತ್ತು ವರ್ಷ ಅದು ನೆಲ ಮುಟ್ಟುವುದನ್ನು ನೋಡಿ ಸಮಾಧಾನಪಟ್ಟ ಮನುಷ್ಯನಿಗೆ ಈಗ ಅದನ್ನು ಹರಿದುಹಾಕಬೇಕು ಅನ್ನಿಸಿತು.

"ಪುಟ್ಟೀ!"

ಆಚೆಯಿಂದ ಕೇಳಿಸಿದ್ದು ಬೆಂಕಿಯ ಚಟಪಟ ಸದ್ದೊಂದೇ. ಸುತ್ತುಹಾಕಿ ಓಡೋಣವೆಂದರೆ ಜನ ಖಾಲಿಯಾಗದೆ ದಾರಿಯಿಲ್ಲ. ಅಜ್ಜಿಯನ್ನು ಎತ್ತಿಕೊಂಡು ಎಲ್ಲರಿಗಿಂತ ಕೊನೆಗೆ ಹೊರಬಿದ್ದರು. ಅವರನ್ನು ಯಾರದೋ ಕೈಗೆ ಒಪ್ಪಿಸಿ, ಕಟ್ಟಡ ಬಳಸಿ ಹಿಂದಿನ ಓಣಿಗೆ ಓಡಿದರು.

ಓಣಿಯಲ್ಲಿ ನಟರು ರಾಜ ರಾಣಿಯರ ವೇಷದಲ್ಲೇ ನಿಂತು ಕೆಮ್ಮುತ್ತಿದ್ದರು. ಪುಟ್ಟಿ ಬಲಗೈಯನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿಕೊಂಡು ಗೋಡೆಯ ಬುಡದಲ್ಲಿ ಕೂತಿದ್ದಳು. ಹುಬ್ಬು ಸುಟ್ಟಿತ್ತು. ಮಾವ ಪಕ್ಕದಲ್ಲಿ ಕುಸಿದು ಕೂತು ಗೊಳೋ ಎಂದು ಅತ್ತರು.

"ಎಲ್ಲರೂ ಬಂದ್ರಾ?" ಅವಳು ಕೇಳಿದಳು.

"ಎಲ್ಲರೂ. ತಪ್ಪು ನಂದು ಕಣೇ. ನೀನು ಕೇಳಿದೆ, ನಾನು ಒಪ್ಪಬಾರದಿತ್ತು."

ಅವಳು ಸುಟ್ಟ ಕೈಯನ್ನು ನೀರಿನಲ್ಲಿ ಇನ್ನಷ್ಟು ಆಳಕ್ಕೆ ಅದ್ದಿದಳು.

"ನೀನು ಯಾರೂ ಇಲ್ಲ ಅಂದಿದ್ರೆ ನಾನು ಓಡಿಬಿಡ್ತಿದ್ದೆ ಅಪ್ಪಾ."

"ಗೊತ್ತಿತ್ತು."

"ಗೊತ್ತಿದ್ದೂ ಹೇಳಿದೆಯಾ?"

"ಗೊತ್ತಿದ್ದೇ ಹೇಳಿದೆ."

ಪುಟ್ಟಿ ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ಎಡಗೈಯಿಂದ ಬಕೆಟ್ಟನ್ನು ಎಳೆದುಕೊಂಡು, ಅವರಿಂದ ಒಂದಿಷ್ಟು ದೂರ ಸರಿದು ಕೂತಳು.